ಹುಲ್ಲಿನ ತೂಕ, ಹುಲ್ಲಿನ ನಿಲುವು: ಕಪ್ಪತಗುಡ್ಡದ ಬೆಂಕಿಯನ್ನು ಲೆಕ್ಕಕ್ಕೆ ತರುವ ಬಗೆ

ಹುಲ್ಲುಗಾವಲಿನ ಬೆಂಕಿಯ ಮೇಲೆ ಪ್ರಬಂಧ ಬರೆಯಲು ಹೊರಟ ವಿದ್ಯಾರ್ಥಿಗಳು ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಕಪ್ಪತಗುಡ್ಡಕ್ಕೆ ಯಾವ ಫ್ಯೂಯೆಲ್ ಮಾಡೆಲ್ (ಬೆಂಕಿಯ ಲೆಕ್ಕಕ್ಕೆ ಬೇಕಾದ ಉರುವಲಿನ ಅಂಕಿಗಳ ಸಿದ್ಧ ಕಟ್ಟು) ಹಾಕಬೇಕು, ಹುಲ್ಲಿನ ಮಾಡೆಲ್‌ಗಳಲ್ಲಿ ಜಿಆರ್2 ಸಾಕೋ, ಜಿಆರ್4 ಬೇಕೋ? ಈ ಪ್ರಶ್ನೆಯಿಂದ ಶುರು ಮಾಡಿದರೆ ದಾರಿ ಅರ್ಧಕ್ಕೇ ತಪ್ಪುತ್ತದೆ. ಆ ಮಾಡೆಲ್‌ಗಳೆಲ್ಲ ಅಮೆರಿಕದ ಹುಲ್ಲಿಗೆ ಹೊಲಿದ ಅಂಗಿಗಳು. ನಮ್ಮ ಮಡ್ಡಿಯ ಹುಲ್ಲಿಗೆ ಅವು ಕೆಲವೆಡೆ ಸಡಿಲ, ಕೆಲವೆಡೆ ಬಿಗಿ. ಅಳತೆ ತೆಗೆದುಕೊಂಡು ಹೊಲಿಸುವುದೇ ಸರಿ. ಅಳತೆಯಲ್ಲೂ ಯಾವುದಕ್ಕೆ ಹೆಚ್ಚು ಹೊತ್ತು ಕೊಡಬೇಕು ಎಂಬುದರಲ್ಲಿ ಬಹಳ ಜನ ಎಡವುತ್ತಾರೆ. ಹುಲ್ಲು ಕೊಯ್ದು ತೂಗುವುದರಲ್ಲೇ ಎರಡು ಹಂಗಾಮು ಕಳೆಯುತ್ತಾರೆ, ಅದು ಎಷ್ಟು ಎತ್ತರ ನಿಂತಿದೆ, ಎಷ್ಟು ಒಣಗಿದೆ, ನಡುವೆ ಎಷ್ಟು ಬರಿನೆಲವಿದೆ ಎಂಬುದನ್ನು ಕಣ್ಣಂದಾಜಿಗೆ ಬಿಡುತ್ತಾರೆ. ಬೆಂಕಿಯ ವೇಗದ ಮಟ್ಟಿಗೆ ಇದು ತಲೆಕೆಳಗಾದ ಕ್ರಮ. ಏಕೆ ಎಂಬುದಕ್ಕೆ ಕೆಳಗೆ ಲೆಕ್ಕವನ್ನೇ ಬಿಡಿಸಿಡಲಾಗಿದೆ.

ಮೊದಲು ನೆಲ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಯಿತು. ಸುತ್ತ ಎರಿ ಹೊಲ, ಮೇಲೆ ಕಬ್ಬಿಣದ ಅದಿರಿನ ಕಲ್ಲುಗಳ ತೆಳು ಮಣ್ಣು. ಈ ಭಾಗದಲ್ಲಿ ಮಳೆ ಜೋರಾಗುವುದೇ ಸೆಪ್ಟೆಂಬರ್ ಹೊತ್ತಿಗೆ. ಹಾಗಾಗಿ ಹುಲ್ಲು ದಸರಾ ಕಳೆದರೂ ಬೆಳೆಯುತ್ತಿರುತ್ತದೆ, ದೀಪಾವಳಿಯ ಆಚೆಗೆ ತೆನೆ ಬಲಿಯುತ್ತದೆ, ಸಂಕ್ರಮಣಕ್ಕೆ ಇಳಿಜಾರೆಲ್ಲ ಹೊಂಬಣ್ಣ. ಜನವರಿಯಿಂದ ಅಡ್ಡಮಳೆ ಬೀಳುವ ತನಕ ಬೆಂಕಿಯ ಕಾಲ. ಒಣಗುವ ಕ್ರಮವೂ ಎಲ್ಲೆಡೆ ಒಂದೇ ಅಲ್ಲ. ದಕ್ಷಿಣ-ಪಶ್ಚಿಮ ಮುಖದ ಇಳಿಜಾರು ಮೊದಲು, ಹಳ್ಳದ ಬದಿ ಕಡೆಗೆ. ಒಂದೇ ದಿನ ಒಂದೇ ಗುಡ್ಡದಲ್ಲಿ ಪೂರ್ತಿ ಒಣಗಿದ ಊಬಿನ ಹುಲ್ಲೂ ಬುಡದಲ್ಲಿ ಹಸಿರಿರುವ ಬಾದೆ ಹುಲ್ಲೂ ಸಿಗುತ್ತವೆ. ಇಡೀ ಗುಡ್ಡಕ್ಕೆ ಒಂದೇ ಅಂಕಿ ಹಾಕಿದರೆ ಅಲ್ಲೇ ಮೊದಲ ತಪ್ಪು.

ಈಗ ಮಾಡೆಲ್. ಅಮೆರಿಕದ ಬೆಂಕಿ ಸಂಶೋಧಕ ರಿಚರ್ಡ್ ರಾಥರ್ಮೆಲ್ ಬೆಂಕಿ ಹಬ್ಬುವ ವೇಗಕ್ಕೆ 1972ರಲ್ಲಿ ಕೊಟ್ಟ ಸಮೀಕರಣವೇ ಇಂದಿಗೂ ಬಿಹೇವ್‌ಪ್ಲಸ್, ಫ್ಲಾಮ್‌ಮ್ಯಾಪ್, ಫಾರ್ಸೈಟ್ ಮೊದಲಾದ ತಂತ್ರಾಂಶಗಳ ಹೊಟ್ಟೆಯಲ್ಲಿದೆ. ಅದರ ಒಳಮರ್ಮ ಸರಳ. ಮೇಲೆ ಭಾಗಿಸಬೇಕಾದ್ದು ಬೆಂಕಿಯ ಮುಖದಿಂದ ಮುಂದಿನ ಹುಲ್ಲಿಗೆ ತಲುಪುವ ಶಾಖ, ಕೆಳಗೆ ಆ ಹುಲ್ಲು ಹೊತ್ತಿಕೊಳ್ಳಲು ಬೇಕಾದ ಶಾಖ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ವೇಗ. ಗಾಳಿ ಮತ್ತು ಇಳಿಜಾರು ಮೇಲಿನ ಸಂಖ್ಯೆಯನ್ನು ಹಿಗ್ಗಿಸುತ್ತವೆ. ಅದಕ್ಕೆ ಹುಲ್ಲಿನ ಬಗ್ಗೆ ಬೇಕಾದ ಮಾಹಿತಿ ಇಷ್ಟು: ಚದರ ಮೀಟರಿಗೆ ಒಣ ತೂಕ, ಉರುವಲಿನ ಹಾಸಿನ ಎತ್ತರ, ಎಲೆಯ ನವಿರು ಅಂದರೆ ಗಾತ್ರಕ್ಕೆ ಮೇಲ್ಮೈಯ ಅನುಪಾತ, ಶಾಖದ ಅಂಶ, ತೇವಾಂಶ, ಮತ್ತು ಎಷ್ಟು ತೇವವಾದರೆ ಬೆಂಕಿ ನಿಲ್ಲುತ್ತದೆ ಎಂಬ ಮಿತಿ. ಹಾಲ್ ಆಂಡರ್ಸನ್ 1982ರಲ್ಲಿ ವಿವರಿಸಿದ 13 ಮಾಡೆಲ್‌ಗಳಲ್ಲೂ, ಸ್ಕಾಟ್ ಮತ್ತು ಬರ್ಗನ್ 2005ರಲ್ಲಿ ಕೊಟ್ಟ 40ರಲ್ಲೂ ಇರುವುದು ಈ ಅಂಕಿಗಳ ಸಿದ್ಧ ಕಟ್ಟುಗಳೇ. ಎರಡನೆಯ ಪಟ್ಟಿಯಲ್ಲಿ ಹುಲ್ಲಿಗೆ ಜಿಆರ್1ರಿಂದ ಜಿಆರ್9ರ ತನಕ 9 ಇವೆ. ಶಾಖದ ಅಂಶ, ಖನಿಜಾಂಶ, ಕಣಸಾಂದ್ರತೆಗಳನ್ನು ಅಲ್ಲಿಂದಲೇ ಎತ್ತಿಕೊಂಡರೆ ದೊಡ್ಡ ನಷ್ಟವಿಲ್ಲ. ಕಿಲೋಗೆ ಸುಮಾರು 18,600 ಕಿಲೋಜೌಲ್, ಘನ ಮೀಟರಿಗೆ 512 ಕಿಲೋ ಎಂಬ ರೂಢಿಯ ಅಂಕಿಗಳು ನಡೆಯುತ್ತವೆ. ಉಳಿದವನ್ನು ಇಲ್ಲೇ ಅಳೆಯಬೇಕು.

ಅಳೆಯುವ ಸಾಮಾನು ದುಬಾರಿಯಲ್ಲ. ಅರ್ಧ ಮೀಟರ್ ಬದಿಯ ಕಬ್ಬಿಣದ ಚೌಕಟ್ಟು, ಅದೂ ಮೂರೇ ಬದಿಯದು. ನಾಲ್ಕೂ ಬದಿ ಮುಚ್ಚಿದ ಚೌಕಟ್ಟನ್ನು ಎತ್ತರದ ಹುಲ್ಲಿನ ಮೇಲಿಂದ ಇಳಿಸುವಾಗ ಹುಲ್ಲು ಒಳಕ್ಕೋ ಹೊರಕ್ಕೋ ಬಾಗಿ ತೂಕ ಏರುಪೇರಾಗುತ್ತದೆ. ಮೂರು ಬದಿಯದನ್ನು ಬುಡದಲ್ಲಿ ತೂರಿಸಿ ನಾಲ್ಕನೆಯ ಬದಿಗೆ ಕೋಲು ಇಡಬಹುದು. ಇನ್ನು ಕುಡಗೋಲು, ಕಾಗದದ ಚೀಲ, ಗಾಳಿಯಾಡದಂತೆ ಮುಚ್ಚುವ ಡಬ್ಬಿಗಳು, 0.1 ಗ್ರಾಂ ತೋರಿಸುವ ತಕ್ಕಡಿ, ಸೆಂಟಿಮೀಟರ್ ಗುರುತಿನ ಕೋಲು. ಚೌಕಟ್ಟು ಎಲ್ಲಿ ಬೀಳಬೇಕು ಎಂಬುದನ್ನು ಮನೆಯಲ್ಲೇ ಜಿಪಿಎಸ್ ಬಿಂದುಗಳಾಗಿ ತೀರ್ಮಾನಿಸಿ ಹೋಗಬೇಕು. ಗುಡ್ಡಕ್ಕೆ ಹೋದ ಮೇಲೆ ಆರಿಸಿದರೆ ಕೈ ತಾನಾಗಿ ದಟ್ಟ ಹುಲ್ಲಿನ ಕಡೆಗೇ ಹೋಗುತ್ತದೆ. ಬಂಡೆಯ ಮೇಲೆ ಬಿದ್ದ ಚೌಕಟ್ಟಿಗೆ ಸೊನ್ನೆ ಬರೆಯಬೇಕು, ಪಕ್ಕಕ್ಕೆ ಸರಿಸಬಾರದು. ಆ ಸೊನ್ನೆಗಳೇ ಮುಂದೆ ಬೆಂಕಿಯ ಲೆಕ್ಕದಲ್ಲಿ ದೊಡ್ಡ ಮಾತು ಆಡುತ್ತವೆ.

ಒಂದು ಚೌಕಟ್ಟಿನ ಕೆಲಸ ಹೀಗೆ. ಕೊಯ್ಯುವ ಮೊದಲು ಎತ್ತರ. ಚೌಕಟ್ಟಿನೊಳಗೆ ಐದು ಕಡೆ ಕೋಲು ಊರಿ ಎಲೆಗಳ ಮೊತ್ತ ಎಲ್ಲಿಗೆ ಮುಗಿಯುತ್ತದೆ ಎಂದು ನೋಡಬೇಕು, ತೆನೆಯ ತುದಿಯನ್ನಲ್ಲ. ಎಲೆಯ ಹಾಸು 50 ಸೆಂ.ಮೀ.ಗೆ ಮುಗಿದು ಅಲ್ಲಿಂದ ಮೇಲೆ ನಾಲ್ಕೈದು ಬಡಕಲು ತೆನೆಕಡ್ಡಿಗಳು 80 ಸೆಂ.ಮೀ. ತನಕ ಹೋಗಿದ್ದರೆ ಬರೆಯಬೇಕಾದ್ದು 50. ಆಮೇಲೆ ಬುಡಕ್ಕೆ ಸಮ ಕೊಯ್ಯುವುದು, ಮಣ್ಣಿಗೆ ಅಂಟಿದ ಹಳೆಯ ಕಸವನ್ನು ಬೇರೆ ಚೀಲಕ್ಕೆ ಹಾಕುವುದು. ಒಣ ಹುಲ್ಲು, ಹಸಿರು ಹುಲ್ಲು ಬೇರೆ ಬೇರೆ. ಊಬಿನ ಹುಲ್ಲಿನ ಮುಳ್ಳು ಕಾಗದದ ಚೀಲವನ್ನೂ ತೂರಿ ಹೊರಬರುತ್ತದೆ, ಒಂದರೊಳಗೆ ಒಂದು ಎರಡು ಚೀಲ ಹಾಕುವುದೇ ಒಳ್ಳೆಯದು. ತೇವಾಂಶದ ಮಾದರಿ ಮಾತ್ರ ಚೀಲಕ್ಕಲ್ಲ, ಡಬ್ಬಿಗೆ. ಮಾರ್ಚ್ ಮಧ್ಯಾಹ್ನ ಬಿಸಿಲಲ್ಲಿ ಕಾಗದದ ಚೀಲ ಸೈಕಲ್ ಮೇಲೋ ಜೀಪಿನಲ್ಲೋ ಎರಡು ತಾಸು ಕುಳಿತರೆ ಒಳಗಿನ ತೇವ ಬೇರೆಯೇ ಆಗಿರುತ್ತದೆ.

ಪ್ರಯೋಗಾಲಯದ ಓವನ್‌ನಲ್ಲಿ ಒಣಗಿಸುವ ಉಷ್ಣತೆ 70 ಡಿಗ್ರಿಗೆ 48 ತಾಸು, ಇಲ್ಲವೇ 105 ಡಿಗ್ರಿಗೆ 24 ತಾಸು. ಎರಡೂ ರೂಢಿಯಲ್ಲಿವೆ, ಯಾವುದಾದರೂ ಒಂದಕ್ಕೆ ಅಂಟಿಕೊಂಡು ಬರೆದಿಡಬೇಕು. ತಿಕ್ಕಿದರೆ ಘಮ್ಮೆನ್ನುವ ಸಿಂಬೊಪೋಗನ್ ಜಾತಿಯ ಹುಲ್ಲು ಹೆಚ್ಚಿದ್ದರೆ 70 ಡಿಗ್ರಿಯೇ ಲೇಸು. 105ಕ್ಕೆ ಏರಿಸಿದರೆ ಎಣ್ಣೆಯೂ ಹಾರಿ ತೇವದ ಲೆಕ್ಕಕ್ಕೆ ಸೇರುತ್ತದೆ. ತೇವಾಂಶವನ್ನು ಒಣ ತೂಕದ ಮೇಲೆ ಶೇಕಡಾ ಮಾಡಬೇಕು, ಹಸಿ ತೂಕದ ಮೇಲಲ್ಲ. ಮೇವಿನ ಪ್ರಯೋಗಾಲಯಗಳಲ್ಲಿ ಹಸಿ ತೂಕದ ಲೆಕ್ಕ ರೂಢಿಯಿರುವುದರಿಂದ ಅಲ್ಲಿಂದ ಅಂಕಿ ತಂದಾಗ ಈ ಒಂದು ಮಾತು ಕೇಳಿಯೇ ಬಳಸಬೇಕು. ಒಣ ಹುಲ್ಲಿನಲ್ಲಿ ವ್ಯತ್ಯಾಸ ಕಡಿಮೆ. ಹಸಿರು ಹುಲ್ಲಿನಲ್ಲಿ ಶೇ. 60 ಇದ್ದದ್ದು 150 ಆಗುತ್ತದೆ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವೂ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವೂ ಇವೆ. ಹುಲ್ಲಿನ ಜಾತಿ ಗುರುತಿಸುವುದಕ್ಕೆ ಇಷ್ಟು ಹತ್ತಿರದಲ್ಲಿ ನೆರವಿರುವಾಗ ಫೋನಿನ ಆ್ಯಪ್ ನಂಬಿ ಕೂರಬಾರದು.

0.25 ಚದರ ಮೀಟರಿನಲ್ಲಿ 80 ಗ್ರಾಂ ಒಣ ಹುಲ್ಲು ಸಿಕ್ಕಿತು ಎನ್ನೋಣ. ಚದರ ಮೀಟರಿಗೆ 320 ಗ್ರಾಂ, ಹೆಕ್ಟೇರಿಗೆ 3.2 ಟನ್. ಎತ್ತರ 50 ಸೆಂ.ಮೀ. ಇಟ್ಟರೆ ಹಾಸಿನ ಸಾಂದ್ರತೆ ಘನ ಮೀಟರಿಗೆ 0.64 ಕಿಲೋ. ಅದನ್ನು 512ರಿಂದ ಭಾಗಿಸಿದರೆ 0.00125, ಇದೇ ಪ್ಯಾಕಿಂಗ್ ರೇಶಿಯೋ. ಅಂದರೆ ಹುಲ್ಲು ನಿಂತ ಜಾಗದ ಸಾವಿರದಲ್ಲಿ ಒಂದು ಪಾಲಿಗಿಂತ ತುಸುವೇ ಹೆಚ್ಚು ಹುಲ್ಲು, ಮಿಕ್ಕದ್ದೆಲ್ಲ ಗಾಳಿ. ಬಣವಿಯೊಳಗೆ ಬೆಂಕಿ ಕುದಿಯುತ್ತ ನಿಧಾನ ನಡೆಯುವುದಕ್ಕೂ ನಿಂತ ಹುಲ್ಲಿನಲ್ಲಿ ಓಡುವುದಕ್ಕೂ ಇರುವ ಅಂತರ ಈ ಸಂಖ್ಯೆಯಲ್ಲಿದೆ.

ಈ ಹುಲ್ಲನ್ನು ರಾಥರ್ಮೆಲ್ ಸಮೀಕರಣಕ್ಕೆ ಹಾಕೋಣ. ಸಮತಟ್ಟು ನೆಲ, ಪೂರ್ತಿ ಒಣಗಿದ ಹುಲ್ಲು, ತೇವಾಂಶ ಶೇ. 5, ಬೆಂಕಿ ನಿಲ್ಲುವ ತೇವದ ಮಿತಿ ಶೇ. 15, ಎಲೆಯ ನವಿರು ಅಡಿಗೆ 2000, ಹತ್ತು ಮೀಟರ್ ಎತ್ತರದಲ್ಲಿ ಗಾಳಿ ತಾಸಿಗೆ 15 ಕಿ.ಮೀ. ಬರುವ ವೇಗ ನಿಮಿಷಕ್ಕೆ ಸುಮಾರು 17 ಮೀಟರ್. ಈಗ ಎತ್ತರ ಹಾಗೇ ಇಟ್ಟು ತೂಕವನ್ನು ಇಮ್ಮಡಿ ಮಾಡಿ, ಹೆಕ್ಟೇರಿಗೆ 6.4 ಟನ್. ಉತ್ತರ ಮತ್ತೆ ನಿಮಿಷಕ್ಕೆ ಸುಮಾರು 17 ಮೀಟರ್! ಕದಲುವುದೇ ಇಲ್ಲ. ಉರಿಯುವುದೂ ಇಮ್ಮಡಿ, ಹೊತ್ತಿಸಲು ಬೇಕಾದ ಶಾಖವೂ ಇಮ್ಮಡಿ, ದಟ್ಟವಾದ ಹಾಸಿನ ಮೇಲೆ ಗಾಳಿಯ ಹಿಡಿತ ತುಸು ಕಡಿಮೆ. ಒಂದಕ್ಕೊಂದು ಸರಿ ಹೋಗುತ್ತದೆ. ಈಗ ತೂಕ 3.2 ಟನ್ನಿಗೇ ಇಳಿಸಿ, ಎತ್ತರವನ್ನು ಮಾತ್ರ 50ರಿಂದ 80 ಸೆಂ.ಮೀ.ಗೆ ಏರಿಸಿ. ವೇಗ ನಿಮಿಷಕ್ಕೆ 32 ಮೀಟರ್. ತೆನೆಯ ತುದಿಯನ್ನು ಎತ್ತರ ಎಂದು ಬರೆದುಕೊಂಡ ಒಂದೇ ತಪ್ಪಿಗೆ ಬೆಂಕಿ ಹೆಚ್ಚುಕಡಿಮೆ ಇಮ್ಮಡಿ ವೇಗದಲ್ಲಿ ಓಡಿತು. ಎಲೆಯ ನವಿರನ್ನು 2000ದಿಂದ 3500ಕ್ಕೆ, ಅಂದರೆ ಆಂಡರ್ಸನ್ನರ ಮೊದಲ ಮಾಡೆಲ್‌ನ ಅಂಕಿಗೆ ಏರಿಸಿದರೆ 17 ಇದ್ದದ್ದು 25 ಆಗುತ್ತದೆ. ಇಷ್ಟು ಗೊತ್ತಾದ ಮೇಲೂ ನೂರು ಚೌಕಟ್ಟು ಕೊಯ್ದು ಎತ್ತರವನ್ನು ಸರಾಸರಿ ಮೊಣಕಾಲುದ್ದ ಎಂದು ಬರೆಯುವುದು ಶ್ರಮ ಹಾಳು.

ಹಾಗಂತ ತೂಕ ಬೇಡವೆಂದಲ್ಲ. ವೇಗಕ್ಕೆ ಅದು ಬೇಡ, ಕಾವಿಗೆ ಬೇಕು. ಬೈರಮ್ ಎಂಬ ಸಂಶೋಧಕ 1959ರಲ್ಲಿ ಕೊಟ್ಟ ಸೂತ್ರದಲ್ಲಿ ಬೆಂಕಿಯ ಮುಖದ ತೀವ್ರತೆ ಅಂದರೆ ಶಾಖದ ಅಂಶ, ಉರಿದ ತೂಕ, ವೇಗ ಮೂರರ ಗುಣಲಬ್ಧ. ತೂಕ ಇಮ್ಮಡಿಯಾದರೆ ವೇಗ ಅಷ್ಟೇ ಇದ್ದರೂ ತೀವ್ರತೆ ಇಮ್ಮಡಿ. ಜ್ವಾಲೆಯ ಉದ್ದ ತೀವ್ರತೆಯ 0.46ನೇ ಘಾತಕ್ಕೆ 0.0775ರಿಂದ ಗುಣಿಸಿದಷ್ಟು ಮೀಟರ್. ಅಗ್ನಿಶಾಮಕ ಕೈಪಿಡಿಗಳು ಒಪ್ಪಿರುವ ಗೆರೆ ಒಂದಿದೆ. ಮೀಟರಿಗೆ ಸುಮಾರು 350 ಕಿಲೋವಾಟ್, ಜ್ವಾಲೆ 1.2 ಮೀಟರ್, ಅಲ್ಲಿಯ ತನಕ ಕೈಸಲಕರಣೆ ಹಿಡಿದವರು ಬೆಂಕಿಯ ಮುಖದ ಹತ್ತಿರ ನಿಂತು ಬಡಿಯಬಹುದು. ಮೀಟರಿಗೆ 1,700 ಕಿಲೋವಾಟ್, ಜ್ವಾಲೆ 2.4 ಮೀಟರ್ ದಾಟಿದರೆ ಎದುರು ನಿಲ್ಲುವುದು ಯಂತ್ರಗಳಿಗೂ ಕಷ್ಟ. ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿಯುವ ಕಾವಲುಗಾರರಿಗೆ ಪ್ರಬಂಧದಿಂದ ಏನಾದರೂ ಸಿಗಬೇಕಿದ್ದರೆ ಅದು ಈ ಅಂಕಿ. ಯಾವ ಇಳಿಜಾರಿನಲ್ಲಿ, ಎಷ್ಟು ಹೊತ್ತಿಗೆ, ಎದುರಿನಿಂದ ಹೋಗಬಾರದು ಎಂಬುದು. ಅಂಥ ಕಡೆ ಸುಟ್ಟ ನೆಲದ ಕಡೆಯಿಂದ, ಹಿಂದಿನಿಂದ ಶುರುಮಾಡಿ ಪಕ್ಕೆಗಳ ಗುಂಟ ಮುಂದಕ್ಕೆ ಬರುವುದೇ ದಾರಿ.

ಗಾಳಿಯ ವಿಷಯಕ್ಕೆ ಬಂದರೆ ಗದಗಿನಲ್ಲಿ ಒಂದು ಅನುಕೂಲವೂ ಒಂದು ಮೋಸವೂ ಇವೆ. ಗುಡ್ಡದ ನೆತ್ತಿಯಲ್ಲೇ ಗಾಳಿಯಂತ್ರಗಳು ಸಾಲಾಗಿ ನಿಂತಿವೆ, ಅವುಗಳ ಅಳತೆ ಸಿಕ್ಕರೆ ಬಂಗಾರ. ಆದರೆ ಆ ಅಳತೆ 60–80 ಮೀಟರ್ ಎತ್ತರದ್ದು. 80 ಮೀಟರಿನ ವೇಗವನ್ನು 10 ಮೀಟರಿಗೆ ಇಳಿಸಲು ಏಳರಲ್ಲೊಂದು ಘಾತದ ನಿಯಮ ಹಚ್ಚಿದರೆ 0.74ರಿಂದ ಗುಣಿಸಿದಂತೆ. ನೆತ್ತಿಯ ಮೇಲೆ ಗಾಳಿ ಹಿಸುಕಿಕೊಂಡು ವೇಗ ಪಡೆಯುವುದರಿಂದ ಅಲ್ಲಿ ಈ ನಿಯಮವೂ ಅಂದಾಜೇ. ಇನ್ನು 10 ಮೀಟರಿನಿಂದ, ಅಮೆರಿಕದ ಮಾಡೆಲ್‌ಗಳು ಗಾಳಿ ಅಳೆಯುವ ಎತ್ತರವಾದ 20 ಅಡಿಗೆ ಇಳಿಸಲು 1.15ರಿಂದ ಭಾಗಿಸಬೇಕು, ಅಲ್ಲಿಂದ ಜ್ವಾಲೆಯ ನಡುಮಟ್ಟಕ್ಕೆ ಇಳಿಸಲು ಮತ್ತೊಂದು ಗುಣಕ. ಒಂದು ಅಡಿ ಎತ್ತರದ ಬಯಲು ಹುಲ್ಲಿಗೆ ಅದು 0.36, ಎರಡೂವರೆ ಅಡಿಗೆ 0.44. ಮೇಲಿನ ಲೆಕ್ಕದಲ್ಲಿ 15 ಕಿ.ಮೀ. ಗಾಳಿ ಹುಲ್ಲಿನ ಮಟ್ಟಕ್ಕೆ ಬರುವಷ್ಟರಲ್ಲಿ 5.2 ಆಗಿತ್ತು.

ಈ ಇಳಿಸುವ ಹೆಜ್ಜೆ ಬಿಟ್ಟುಹೋಗುವುದು ಸರ್ವೇಸಾಮಾನ್ಯ. ಬಿಟ್ಟರೆ 17 ಮೀಟರ್ ಇದ್ದ ವೇಗ 80 ಮೀಟರ್ ಆಗುತ್ತದೆ. ತಮಾಷೆಯೆಂದರೆ ಆ 80, ಅಂದರೆ ತಾಸಿಗೆ 4.8 ಕಿ.ಮೀ., ಮುಂದೆ ಹೇಳುವ ಆಸ್ಟ್ರೇಲಿಯಾದ ಸೂತ್ರದ ಉತ್ತರಕ್ಕೆ ಹತ್ತಿರ ಬಂದು ನಿಲ್ಲುತ್ತದೆ. ಎರಡು ಮಾಡೆಲ್ ಒಂದೇ ಹೇಳುತ್ತಿವೆ ಎಂದು ವಿದ್ಯಾರ್ಥಿ ಹಿಗ್ಗುತ್ತಾನೆ, ಮಾರ್ಗದರ್ಶಕರು ತಲೆಯಾಡಿಸುತ್ತಾರೆ, ತಪ್ಪು ಹಾಗೆಯೇ ಪ್ರಬಂಧದೊಳಗೆ ಹೋಗುತ್ತದೆ. ಎರಡು ಮಾಡೆಲ್‌ಗಳ ಉತ್ತರ ಕೂಡಿತೆಂದರೆ ಮೊದಲು ಅನುಮಾನಿಸಬೇಕಾದ್ದು ಹಾಕಿದ ಗಾಳಿ ಯಾವ ಎತ್ತರದ್ದು ಎಂಬುದನ್ನು.

ಆ ಆಸ್ಟ್ರೇಲಿಯಾದ ಸೂತ್ರ ಫಿಲ್ ಚೆನಿ ಮತ್ತು ಸಂಗಡಿಗರದು. ಉತ್ತರ ಆಸ್ಟ್ರೇಲಿಯಾದ ಅನ್ನಾಬರೂ ಎಂಬಲ್ಲಿ 1986ರಲ್ಲಿ ಹುಲ್ಲಿನ ತುಂಡುಭೂಮಿಗಳನ್ನು ಬೇಕೆಂದೇ ಸುಟ್ಟು ಅಳೆದ ಮೇಲೆ ಅವರು ಕಂಡದ್ದು ಹುಲ್ಲಿನ ತೂಕ ವೇಗವನ್ನು ನಿರ್ಧರಿಸುವುದಿಲ್ಲ ಎಂಬುದನ್ನೇ. ಹಾಗಾಗಿ 1998ರ ಅವರ ಸೂತ್ರದಲ್ಲಿ ತೂಕಕ್ಕೆ ಜಾಗವೇ ಇಲ್ಲ. ಬದಲಿಗೆ ಹುಲ್ಲಿನ ಸ್ಥಿತಿ ಮೂರು ಬಗೆ: ಮುಟ್ಟದ ಹುಲ್ಲು, ಕೊಯ್ದ ಅಥವಾ ಮೇಯ್ದ ಹುಲ್ಲು, ಬುಡಮಟ್ಟ ಮೇಯ್ದು ಮುಗಿಸಿದ ಹುಲ್ಲು. ನಮ್ಮ ಸೀಮೆಗೆ ಇದು ಎಷ್ಟು ಚೆನ್ನಾಗಿ ಒಗ್ಗುತ್ತದೆ ನೋಡಿ. ಬೇಲಿಯೊಳಗಿನ ನೆಡುತೋಪಿನ ಹುಲ್ಲು ಮೊದಲನೆಯದು, ದನ ಹಾಯುವ ಇಳಿಜಾರು ಎರಡನೆಯದು, ಊರ ಹತ್ತಿರದ ಗಾಯರಾಣ ಮೂರನೆಯದು.

ಗಾಳಿ ತಾಸಿಗೆ 5 ಕಿ.ಮೀ. ದಾಟಿದ ಮೇಲೆ, ಮುಟ್ಟದ ಹುಲ್ಲಿಗೆ: ಗಾಳಿಯಿಂದ 5 ಕಳೆದು, ಅದನ್ನು 0.844ರ ಘಾತಕ್ಕೇರಿಸಿ, 0.838ರಿಂದ ಗುಣಿಸಿ, 1.4 ಕೂಡಿಸಿ. ಬಂದದ್ದನ್ನು ತೇವಾಂಶದ ಗುಣಕ ಮತ್ತು ಒಣಗಿಕೆಯ ಗುಣಕದಿಂದ ಗುಣಿಸಿದರೆ ತಾಸಿಗೆ ಇಷ್ಟು ಕಿ.ಮೀ. ಮೇಯ್ದ ಹುಲ್ಲಿಗೆ 0.715 ಮತ್ತು 1.1, ಬುಡಮಟ್ಟದ್ದಕ್ಕೆ 0.357 ಮತ್ತು 0.55. ಗಾಳಿ ಇಲ್ಲಿ 10 ಮೀಟರಿನದೇ, ಇಳಿಸಬಾರದು. ಬಿಸಿಲು 38 ಡಿಗ್ರಿ, ಗಾಳಿಯ ತೇವ ಶೇ. 20 ಇದ್ದಾಗ ಸತ್ತ ಹುಲ್ಲಿನ ತೇವಾಂಶಕ್ಕೆ ಅವರದೇ ಸುಲಭ ಸೂತ್ರವಿದೆ: 9.58ರಿಂದ ಉಷ್ಣತೆಯ 0.205 ಪಾಲು ಕಳೆದು, ಗಾಳಿಯ ತೇವದ 0.138 ಪಾಲು ಕೂಡಿಸಿ. ಬರುವುದು ಶೇ. 4.55. ಅದಕ್ಕೆ ತೇವಾಂಶದ ಗುಣಕ 0.61. ಪೂರ್ತಿ ಒಣಗಿದ ಹುಲ್ಲು, 15 ಕಿ.ಮೀ. ಗಾಳಿ ಎಂದರೆ ಮುಟ್ಟದ ಹುಲ್ಲಿನಲ್ಲಿ ಬೆಂಕಿ ತಾಸಿಗೆ 4.4 ಕಿ.ಮೀ., ಮೇಯ್ದದ್ದರಲ್ಲಿ 3.7, ಗಾಯರಾಣದಲ್ಲಿ 1.9. ಹೆಕ್ಟೇರಿಗೆ 3 ಟನ್ ಹುಲ್ಲಿದ್ದು 4.4 ಕಿ.ಮೀ. ವೇಗವೆಂದರೆ ಮೀಟರಿಗೆ 6,800 ಕಿಲೋವಾಟ್ ಆಸುಪಾಸು, ಜ್ವಾಲೆ 4 ಮೀಟರಿಗೂ ಮೇಲೆ. ಬೆಂಕಿ ತಡೆಯಲು ಹುಲ್ಲು ತೆಗೆದು ಮಾಡುವ ಬೆಂಕಿ ರೇಖೆಯ ಅಗಲ ಜ್ವಾಲೆಯ ಒಂದೂವರೆ ಪಟ್ಟಾದರೂ ಇರಬೇಕೆಂಬ ರೂಢಿಯ ಲೆಕ್ಕ ಹಿಡಿದರೆ ಆರೂವರೆ ಮೀಟರಿಗೆ ಕಡಿಮೆಯಿಲ್ಲ. ಇದು ಗಾಳಿಯ ಜೊತೆ ಓಡುವ ಅಗಲವಾದ ಮುಖದ ಮಾತು. ಬೀಡಿಯ ತುಂಡಿನಿಂದ ಈಗಷ್ಟೇ ಹತ್ತಿದ ಬೆಂಕಿ ಇಷ್ಟು ವೇಗ ಪಡೆಯಲು ಮುಖ ಅಗಲಿಸಿಕೊಳ್ಳಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಮೊದಲ ನಿಮಿಷಗಳ ವೇಗವನ್ನು ಈ ಅಂಕಿಯೊಂದಿಗೆ ಹೋಲಿಸಿ ಮಾಡೆಲ್ ಸುಳ್ಳು ಎನ್ನುವುದು ಅನ್ಯಾಯ.

ಒಣಗಿಕೆಯ ಗುಣಕದಲ್ಲಿ ಹಳೆಯ ಸೂತ್ರ ಬಳಸುವವರು ಎಚ್ಚರವಿರಬೇಕು. ಹುಲ್ಲು ಶೇ. 80 ಒಣಗಿದಾಗ 1998ರ ಸೂತ್ರ 0.46 ಕೊಡುತ್ತದೆ. ಮಿಗೆಲ್ ಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ ಪರಿಷ್ಕರಿಸಿದ್ದು 0.82 ಕೊಡುತ್ತದೆ. ಅರೆಹಸಿರು ಹುಲ್ಲು ನಾವಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಉರಿಯುತ್ತದೆ. ಡಿಸೆಂಬರ್ ಕೊನೆಯ ಬೆಂಕಿಗಳನ್ನು ಅಳೆಯುವವರಿಗೆ ಈ ವ್ಯತ್ಯಾಸವೇ ಫಲಿತಾಂಶವಾಗಿಬಿಡಬಹುದು. ರಾಥರ್ಮೆಲ್ ಬಳಗದ ಜಿಆರ್ ಮಾಡೆಲ್‌ಗಳು ಇದನ್ನು ಬೇರೆ ರೀತಿ ಮಾಡುತ್ತವೆ. ಜೀವಂತ ಹುಲ್ಲಿನ ತೇವಾಂಶ ಶೇ. 120ರ ಮೇಲಿದ್ದರೆ ಏನೂ ಒಣಗಿಲ್ಲ, 30ಕ್ಕೆ ಇಳಿದರೆ ಎಲ್ಲ ಒಣಗಿದೆ, ನಡುವೆ ಅದೇ ಪ್ರಮಾಣದಲ್ಲಿ ತೂಕ ಸತ್ತ ಹುಲ್ಲಿನ ಲೆಕ್ಕಕ್ಕೆ ಸರಿಯುತ್ತದೆ. ಹೊಲದಲ್ಲಿ ಒಣಗಿಕೆ ಅಳೆಯುವುದಕ್ಕೆ ಲೆವಿ ಕೋಲು ಒಳ್ಳೆಯದು. ಸಪೂರ ಉಕ್ಕಿನ ಸರಳನ್ನು ನೆಟ್ಟಗೆ ನೆಲಕ್ಕೆ ಚುಚ್ಚಿ, ಅದಕ್ಕೆ ತಾಗಿದ ಒಣ ಎಲೆ ಎಷ್ಟು, ಹಸಿರು ಎಷ್ಟು ಎಂದು ಎಣಿಸುವುದು. ಎಣಿಸುವಾಗ ನಿಂತು ನೋಡಬಾರದು, ಕುಕ್ಕರಗಾಲಲ್ಲಿ ಕೂತು ಪಕ್ಕದಿಂದ ನೋಡಬೇಕು. ಮೇಲಿಂದ ನೋಡಿದವರಿಗೆ ಬುಡದ ಹಸಿರು ಕಾಣುವುದಿಲ್ಲ. ಉಪಗ್ರಹಕ್ಕೂ ಅದೇ ತೊಂದರೆ, ಅದು ಮೇಲಿಂದಲೇ ನೋಡುವುದು. ಉಪಗ್ರಹ ಚಿತ್ರದ ಹಸಿರಿನ ಸೂಚ್ಯಂಕವಾದ ಎನ್‌ಡಿವಿಐಯಿಂದ ಒಣಗಿಕೆ ತೆಗೆಯುವವರು ಮೊದಲ ಹಂಗಾಮಿನಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ಲೆವಿ ಕೋಲಿನ ಎಣಿಕೆಯೊಂದಿಗೆ ತಾಳೆ ನೋಡಿ ತಮ್ಮದೇ ಗೆರೆ ಎಳೆದುಕೊಳ್ಳಬೇಕು. ಕುರುಚಲು ಗಿಡಗಳ ಹಸಿರು ಸೇರಿದ ಪಿಕ್ಸೆಲ್‌ಗಳನ್ನು ಮೊದಲೇ ಕಿತ್ತುಹಾಕದಿದ್ದರೆ ಹುಲ್ಲು ಏಪ್ರಿಲ್‌ನಲ್ಲೂ ಹಸಿಯಾಗಿದೆ ಎಂದು ನಕ್ಷೆ ಹೇಳುತ್ತದೆ.

ಇಳಿಜಾರಿಗೆ ಆಸ್ಟ್ರೇಲಿಯಾದ ಬೆಂಕಿ ಸಂಶೋಧಕ ಮ್ಯಾಕ್‌ಆರ್ಥರ್ ಕಾಲದಿಂದ ನಡೆದುಬಂದ ಅಂದಾಜು, ಏರುಮುಖವಾಗಿ ಹತ್ತು ಡಿಗ್ರಿಗೊಮ್ಮೆ ವೇಗ ಇಮ್ಮಡಿ. 30 ಮೀಟರ್ ಚೌಕಗಳಲ್ಲಿ ನೆಲದ ಎತ್ತರ ತೋರಿಸುವ ನಕ್ಷೆಯಲ್ಲಿ ಕಪ್ಪತಗುಡ್ಡದ ಸಣ್ಣ ಕೊರಕಲುಗಳು ಸವೆದು ಸಪಾಟಾಗಿ ಕಾಣುತ್ತವೆ ಎಂಬುದೊಂದು ನೆನಪಿರಲಿ, ಬೆಂಕಿ ಚಿಮಣಿಯಂತೆ ಏರುವುದು ಅಲ್ಲೇ. ಇಡೀ ಗುಡ್ಡಕ್ಕೆ ಹವಾಮಾನ ಮರುವಿಶ್ಲೇಷಣೆಯ (ಹಿಂದಿನ ಹವಾಮಾನವನ್ನು ಚೌಕಚೌಕವಾಗಿ ಮರುಲೆಕ್ಕಿಸಿದ ದತ್ತಾಂಶ) ಒಂದೇ ಗಾಳಿ ಹಾಕುವುದೂ ಬೇಡ. ಅಂಥ ದತ್ತಾಂಶವಾದ ಇಆರ್‌ಎ5ರ ಒಂದು ಚೌಕ ಸುಮಾರು 27 ಕಿ.ಮೀ., ಗುಡ್ಡ ಅದರಲ್ಲಿ ಮುಳುಗಿಹೋಗುತ್ತದೆ. ವಿಂಡ್‌ನಿಂಜಾದಂಥ ಉಚಿತ ತಂತ್ರಾಂಶದಿಂದ ಗಾಳಿಯನ್ನು ಇಳಿಜಾರಿಗೆ ಬಗ್ಗಿಸಿ ಆಮೇಲೆ ಹಾಕಿದರೆ ಎಷ್ಟೋ ವಾಸಿ.

ಮಾಡೆಲ್ ಓಡಿತು, ನಕ್ಷೆ ಬಂತು. ಸರಿಯೇ ಎಂದು ನೋಡುವುದು ಹೇಗೆ? ಉಪಗ್ರಹಗಳಲ್ಲಿರುವ ವಿಐಐಆರ್‌ಎಸ್ ಸಂವೇದಕದ 375 ಮೀಟರಿನ ಬೆಂಕಿ ಬಿಂದುಗಳು ಮಧ್ಯಾಹ್ನ ಮತ್ತು ನಡುರಾತ್ರಿ ಒಂದೂವರೆಯ ಆಸುಪಾಸಿಗೆ ದಾಟುವಾಗ ಸಿಕ್ಕವು. ಭಾರತೀಯ ಅರಣ್ಯ ಸರ್ವೇಕ್ಷಣೆ ಕಳುಹಿಸುವ ಎಚ್ಚರಿಕೆಗಳ ಮುಖ್ಯ ಮೂಲವೂ ಅದೇ. ಹುಲ್ಲಿನ ಬೆಂಕಿ ಮೂರಕ್ಕೆ ಹತ್ತಿ ಐದಕ್ಕೆ ಆರಿದರೆ ಅದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಬಿಂದು ಇಲ್ಲ ಎಂದರೆ ಬೆಂಕಿ ಇರಲಿಲ್ಲ ಎಂದಲ್ಲ. ಸುಟ್ಟ ವಿಸ್ತೀರ್ಣಕ್ಕೆ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಒಳ್ಳೆಯವು, ಐದು ದಿನಕ್ಕೊಮ್ಮೆ ಸಿಗುತ್ತವೆ. ಬೇಗ ನೋಡಬೇಕು. ಹುಲ್ಲಿನ ಬೂದಿ ಹಗುರ, ಎರಡು ವಾರ ಗಾಳಿ ಬೀಸಿದರೆ ಕರಿ ಕಲೆ ಮಸುಕು, ಒಂದು ಅಡ್ಡಮಳೆ ಬಿದ್ದರೆ ಚಿಗುರು ಮುಚ್ಚುತ್ತದೆ. ಕಾಡಿನ ಬೆಂಕಿಗೆ ಎಲ್ಲರೂ ಬಳಸುವ, ಸುಟ್ಟ ನೆಲ ಗುರುತಿಸುವ ಎನ್‌ಬಿಆರ್ ಸೂಚ್ಯಂಕದ ವ್ಯತ್ಯಾಸ ಇಲ್ಲಿ ಮಂಕಾಗಿರುತ್ತದೆ, ಏಕೆಂದರೆ ಒಣಹುಲ್ಲಿನ ಎನ್‌ಬಿಆರ್ ಸುಡುವ ಮೊದಲೇ ಕಡಿಮೆ. ಸಮೀಪ ಅವಗೆಂಪು ಪಟ್ಟಿಯ ಕುಸಿತವನ್ನೇ ನೇರ ನೋಡುವುದು ಮೇಲು.

ಇನ್ನೊಂದು ಮೋಸ ನಮ್ಮ ನೆಲದ್ದೇ. ಜೋಳ, ಕಡಲೆ ಕಿತ್ತು ರಂಟೆ ಹೊಡೆದ ಎರಿ ಹೊಲ ಉಪಗ್ರಹಕ್ಕೆ ಸುಟ್ಟ ನೆಲದಂತೆಯೇ ಕಾಣುತ್ತದೆ. ಫೆಬ್ರವರಿಯಲ್ಲಿ ಇಡೀ ಮುಂಡರಗಿ ತಾಲ್ಲೂಕು ಸುಟ್ಟಿದೆ ಎಂಬ ನಕ್ಷೆ ಬಂದರೆ ಕಾರಣ ಇದೇ. ಹಿಂದಿನ ಅಕ್ಟೋಬರಿನ ಚಿತ್ರದಿಂದ ಬೆಳೆಯ ಹೊಲಗಳನ್ನು ಗುರುತಿಸಿ ಮರೆಮಾಡದೆ ಈ ಕೆಲಸಕ್ಕೆ ಕೈಹಾಕಬಾರದು. ಹಾವೇರಿ ಕಡೆ ಕಬ್ಬಿನ ರವದಿ ಸುಡುವ ಬಿಂದುಗಳೂ ಹೀಗೇ ಪಟ್ಟಿಗೆ ನುಸುಳುತ್ತವೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ, 1974ರಲ್ಲಿ ಘೋಷಣೆಯಾದ 119 ಚದರ ಕಿ.ಮೀ. ನೆಲ, ಬೇರೆಯೇ ಕತೆ. ಅಲ್ಲಿ ನೀಲಗಿರಿ ನೆಡುತೋಪಿನ ಅಡಿಯ ಹುಲ್ಲಿಗೆ ಬಯಲಿನ ಗಾಳಿ ಗುಣಕ ಹಚ್ಚಿದರೆ ವೇಗ ಸುಮ್ಮನೆ ಏರುತ್ತದೆ, ಮರದ ಮರೆಯ ಗುಣಕ ತೀರ ಕಡಿಮೆ. ಮತ್ತೊಂದು ಕಡೆ ನೀಲಗಿರಿಯ ಸುಲಿದ ತೊಗಟೆ ಕಿಡಿಯಾಗಿ ಹಾರುತ್ತದೆ, ಹುಲ್ಲಿನ ಮಾಡೆಲ್‌ಗೆ ಅದರ ಅರಿವೇ ಇಲ್ಲ.

ಸುಟ್ಟು ನೋಡುವ ಪ್ರಯೋಗದ ಆಸೆ ಇದ್ದವರಿಗೆ: ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಕಾಯ್ದೆಯ 30ನೇ ಕಲಮಿನ ಪ್ರಕಾರ ಅಪರಾಧ. ಸಂಶೋಧನೆಗೆ ಒಳಗೆ ಹೋಗಲೂ 28ನೇ ಕಲಮಿನ ಪರವಾನಗಿ ಬೇಕು, ಹುಲ್ಲು ಕೊಯ್ಯುವುದನ್ನು ಅರ್ಜಿಯಲ್ಲಿ ಬಿಡಿಸಿ ಬರೆಯಬೇಕು. ಪರವಾನಗಿ ಬರುವಷ್ಟರಲ್ಲಿ ಹಂಗಾಮು ಮುಗಿಯದಿರಲಿ ಎಂದರೆ ಮಳೆಗಾಲದಲ್ಲೇ ಅರ್ಜಿ ಹಾಕುವುದು ಜಾಣತನ. ಪ್ರಯೋಗಾಲಯದಲ್ಲಿ ಎರಡು ಮೀಟರ್ ಉದ್ದದ ಲೋಹದ ಮೇಜಿನ ಮೇಲೆ ಹುಲ್ಲು ಸುಡಬಹುದು. ಅಲ್ಲಿ ಆಗುವ ತಪ್ಪೂ ತೂಕ-ನಿಲುವಿನದೇ. ಕೊಯ್ದ ಹುಲ್ಲನ್ನು ಮೇಜಿನ ಮೇಲೆ ಹರಡಿದರೆ ಅದು ಮಲಗುತ್ತದೆ. ಚದರ ಮೀಟರಿಗೆ ಅದೇ 320 ಗ್ರಾಂ, ಆದರೆ ಎತ್ತರ ಅರ್ಧ ಮೀಟರಿನಿಂದ ಏಳೆಂಟು ಸೆಂಟಿಮೀಟರಿಗೆ ಇಳಿದಿರುತ್ತದೆ. ಅದು ಮಡ್ಡಿಯ ಹುಲ್ಲಲ್ಲ, ಕೊಟ್ಟಿಗೆಯ ಹುಲ್ಲು. ಮೇಜಿಗೆ ತಂತಿ ಜಾಳಿಗೆ ಬಿಗಿದು, ಕಡ್ಡಿಗಳನ್ನು ಒಂದೊಂದಾಗಿ ರಂಧ್ರಗಳಲ್ಲಿ ನಿಲ್ಲಿಸಬೇಕು. ಒಂದು ಮೇಜಿಗೆ ಇಬ್ಬರಿಗೆ ಅರ್ಧ ದಿನದ ಕೆಲಸ, ಉರಿಯುವುದು ಒಂದೆರಡು ನಿಮಿಷ.

ನಿಜ ಬೆಂಕಿಯ ವೇಗಕ್ಕೆ ಉಳಿದ ಮೂಲವೆಂದರೆ ಬೆಂಕಿ ಕಾವಲುಗಾರರು. ಅವರ ಫೋನಿನ ಚಿತ್ರಗಳಲ್ಲಿ ಹೊತ್ತು, ಲೊಕೇಶನ್ ಚಾಲೂ ಇದ್ದರೆ ಜಾಗವೂ, ದಾಖಲಾಗಿರುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿಕೊಂಡರೆ ಆ ದಾಖಲೆ ಅಳಿಸಿಹೋಗುತ್ತದೆ, ಮೂಲ ಕಡತವನ್ನೇ ಡಾಕ್ಯುಮೆಂಟ್ ರೂಪದಲ್ಲಿ ಪಡೆಯಬೇಕು. ಗುರುತಿಸಬಲ್ಲ ಎರಡು ಜಾಗಗಳ ನಡುವಿನ ದೂರ, ಎರಡು ಚಿತ್ರಗಳ ನಡುವಿನ ಹೊತ್ತು, ಇಷ್ಟಿದ್ದರೆ ಒಂದು ವೇಗ. ಜೊತೆಗೆ ಬೆಂಕಿ ಆರಿದ್ದು ಯಾವಾಗ ಎಂದು ಕೇಳಿದರೆ ಎರಡು ಉತ್ತರ ಬರೆದುಕೊಳ್ಳಬೇಕು, ಮುಖ ನಿಂತದ್ದು ಒಂದು, ಹೊಗೆ ನಿಂತದ್ದು ಇನ್ನೊಂದು. ದನ ಹಾಯುವ ಇಳಿಜಾರಿನಲ್ಲಿ ಒಣ ಸಗಣಿ ಒಳಗೊಳಗೇ ಉರಿಯುತ್ತ ಕೂರುತ್ತದೆ, ಮರುದಿನ ಬಿಸಿಲೇರಿ ಗಾಳಿ ಎದ್ದಾಗ ಪಕ್ಕದ ಹುಲ್ಲಿಗೆ ದಾಟುತ್ತದೆ. ಅದೊಂದು ಹೊಸ ಬೆಂಕಿಯೆಂದು ಪಟ್ಟಿಗೆ ಸೇರಿ, ಗುಡ್ಡದ ನಡುವೆ ಹೊತ್ತಿದ್ದು ಯಾರು ಎಂಬ ಪ್ರಶ್ನೆ ಹುಟ್ಟುತ್ತದೆ. ಹಿಂದಿನ ದಿನದ ಕರಿ ಅಂಚಿನಿಂದ ಅದು ಎಷ್ಟು ದೂರದಲ್ಲಿದೆ ಎಂದು ಮೊದಲು ಅಳೆಯಿರಿ.